ಹಸುವಿಗೆ ಜ್ವರ ಬಂದರೆ ಓಡುತ್ತೇವೆ, ನಮಗೆ ಬಂದರೆ?

ಹೋದ ವರ್ಷ ಕಾರ್ತಿಕದಲ್ಲಿ ನಮ್ಮ ಹಸು ಏಳು ತಿಂಗಳಿಗೇ ಕಂದು ಹಾಕಿತು. ರಾತ್ರಿ ಎರಡು ಗಂಟೆಯ ಸಮಯ. ಕಸ ಅರ್ಧ ಬಿದ್ದು ಅರ್ಧ ನೇತಾಡುತ್ತಿತ್ತು. ಹಸು ಒದ್ದಾಡುವುದನ್ನು ನೋಡಲಾರದೆ ಬರಿಗೈಯಲ್ಲೇ ಎಳೆದು ತೆಗೆದೆ, ಕೊಟ್ಟಿಗೆ ತೊಳೆದೆ, ಸೆರಗಿಗೆ ಕೈ ಒರೆಸಿಕೊಂಡು ಮಲಗಿದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಗೆ ಹೇಳಿದೆ. ಹತ್ತು ಗಂಟೆಯೊಳಗೆ ಪಶುವೈದ್ಯರು ಮನೆ ಬಾಗಿಲಿಗೆ ಬಂದಿದ್ದರು.

ಮೂರು ವಾರ ಕಳೆದ ಮೇಲೆ ನನಗೆ ಜ್ವರ ಬಂತು. ಸಂಜೆ ಏರುವುದು, ಬೆಳಿಗ್ಗೆ ಇಳಿಯುವುದು. ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು. ಸೊಂಟ, ಮಂಡಿ ಹಿಡಿದುಕೊಂಡು ಕೂತು ಹಾಲು ಕರೆಯುವುದೇ ಕಷ್ಟವಾಯಿತು. ಹೋಬಳಿಯ ಸರ್ಕಾರಿ ಆಸ್ಪತ್ರೆಗೆ ಹೋದೆ. ಚೀಟಿ ಮಾಡಿಸುವ ಸಾಲು ಗೇಟಿನ ತನಕ ಇತ್ತು. ನನ್ನ ಸರದಿ ಬರುವ ಹೊತ್ತಿಗೆ ಊಟದ ವೇಳೆ. ಸಂಜೆ ಹಾಲಿಗೆ ಹೊತ್ತಾಗುತ್ತದೆಂದು ವಾಪಸು ಬಂದೆ. ಎರಡನೇ ಸಲ ವೈದ್ಯರು ಸಿಕ್ಕರು, ಆದರೆ ಹಿಂದೆ ಐವತ್ತು ಜನ ನಿಂತಿದ್ದರು. ಎರಡು ನಿಮಿಷದಲ್ಲಿ ಜ್ವರದ ಮಾತ್ರೆ ಬರೆದುಕೊಟ್ಟರು. ಆಮೇಲೆ ರಸ್ತೆಯ ಕ್ಲಿನಿಕ್ಕಿನಲ್ಲಿ ಟೈಫಾಯಿಡ್ ಅಂದರು, ಸೂಜಿ ಹಾಕಿದರು, ದುಡ್ಡು ಹೋಯಿತು. ಹೀಗೆ ಮೂರು ತಿಂಗಳು.

ಕೊನೆಗೆ ಅದೇ ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ವೈದ್ಯೆಯೊಬ್ಬರು ನನ್ನ ಕೈ ನೋಡಿ, "ಮನೇಲಿ ಹಸು ಇದೆಯೇನಮ್ಮ? ಕಂದು ಗಿಂದು ಹಾಕಿತ್ತಾ?" ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು. ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್, ಅಂದರೆ ನಮ್ಮ ಹಸುವಿನ ಕಂದು ರೋಗವೇ ಬಂತು. ಆರು ವಾರ ತಪ್ಪದೆ ಔಷಧಿ ತೆಗೆದುಕೊಂಡು ಎದ್ದೆ.

ಮೊದಲು ನೋಡಿದ ವೈದ್ಯರನ್ನು ನಾನು ದೂರುವುದಿಲ್ಲ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಸುವಿನ ಕಾಯಿಲೆಗೂ ನನ್ನ ಜ್ವರಕ್ಕೂ ಸಂಬಂಧ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ಆದರೆ ಎರಡು ನಿಮಿಷಕ್ಕೊಬ್ಬರನ್ನು ನೋಡಿ ಕಳಿಸಬೇಕಾದ ವೈದ್ಯರಿಗೆ ಇಂಥ ಪ್ರಶ್ನೆ ಕೇಳಲು ಪುರಸೊತ್ತಾದರೂ ಎಲ್ಲಿ?

ಆಸ್ಪತ್ರೆ ಯಾಕೆ ಹೀಗಾಯಿತು ಅಂತ ಬೇರೆಯವರು ಹೇಳಬೇಕಾಗಿಲ್ಲ, ನಮ್ಮ ಕಣ್ಣ ಮುಂದೆಯೇ ಇದೆ. ನೆಲಮಂಗಲ, ಹೊಸಕೋಟೆ, ಆನೇಕಲ್, ದೇವನಹಳ್ಳಿ ಕಡೆಯ ಸಹೋದರಿಯರಿಗೆ ಇದು ಚೆನ್ನಾಗಿ ಗೊತ್ತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತ ಹೇಗೆ ಬದಲಾಯಿತು ನೋಡಿ. ರಾಗಿ ಹೊಲ ಲೇಔಟ್ ಆಯಿತು, ಗೋಮಾಳದ ಪಕ್ಕ ಗೋದಾಮು ಎದ್ದಿತು, ಒಂದೊಂದು ಮನೆಯ ಮಹಡಿಯಲ್ಲೂ ಬಾಡಿಗೆಯವರು ಬಂದರು. ಸರ್ಕಾರದ ಮಾನದಂಡದಂತೆ ಬಯಲು ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನರಿಗೆ 30 ಹಾಸಿಗೆಯ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಜನರನ್ನು ಎಣಿಸುವಾಗ ಮಾತ್ರ 2011ರ ಜನಗಣತಿಯನ್ನೇ ಹಿಡಿದುಕೊಂಡು ಬಂದಿದ್ದೇವೆ. ಊರು ಬೆಳೆಯಿತು, ಆಸ್ಪತ್ರೆಯ ಬೆಂಚು ಅಷ್ಟೇ ಉಳಿಯಿತು.

"ಹೊರಗಿನವರು ಬಂದು ನಮ್ಮ ಆಸ್ಪತ್ರೆ ತುಂಬಿಬಿಟ್ಟರು" ಎಂದು ನಮ್ಮಲ್ಲೇ ಕೆಲವರು ಗೊಣಗುತ್ತಾರೆ. ನಾನೂ ಸಾಲಿನಲ್ಲಿ ನಿಂತಾಗ ಹಾಗೇ ಅಂದುಕೊಂಡಿದ್ದೆ. ಆದರೆ ನಾವು ಕರೆದ ಹಾಲನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳುವವರೂ ಅವರೇ ಅಲ್ಲವೇ? ಡೇರಿಗೆ ಹಾಲು ಜಾಸ್ತಿ ಬಂದರೆ "ನಿಮ್ಮ ಹಾಲು ಬೇಡ" ಎಂದು ಯಾರನ್ನೂ ವಾಪಸು ಕಳಿಸುವುದಿಲ್ಲ. ಹಾಲು ತಂಪು ಮಾಡುವ ಯಂತ್ರ ದೊಡ್ಡದು ಬೇಕೆಂದು ಲೆಕ್ಕದ ಸಮೇತ ಒಕ್ಕೂಟಕ್ಕೆ ಅರ್ಜಿ ಹಾಕುತ್ತೇವೆ. ಆಸ್ಪತ್ರೆಗೂ ಅದೇ ದಾರಿ. ಬಾಡಿಗೆ ಮನೆಯ ಹೆಂಗಸರೂ ನಾವೂ ಒಟ್ಟಿಗೆ ಕೇಳಿದರೆ ದನಿ ದೊಡ್ಡದಾಗುತ್ತದೆ.

"ನಮಗೆ ಯಶಸ್ವಿನಿ ಇದೆಯಲ್ಲ, ದೊಡ್ಡ ಆಸ್ಪತ್ರೆಗೇ ಹೋದರಾಯಿತು" ಅನ್ನುವವರೂ ಇದ್ದಾರೆ. ಯಶಸ್ವಿನಿ ಬೇಕೇ ಬೇಕು. 2022-23ರಲ್ಲಿ ಮತ್ತೆ ಶುರುವಾದಾಗ ಗ್ರಾಮೀಣ ಸಹಕಾರಿ ಸದಸ್ಯರ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಟ್ಟಿಸಿಕೊಂಡು 5 ಲಕ್ಷದವರೆಗೆ ಚಿಕಿತ್ಸೆ ಕೊಡುವ ಯೋಜನೆ ಅದು. ನೋಂದಣಿ ತಪ್ಪಿಸಬೇಡಿ. ಆದರೆ ಅದು ಆಪರೇಷನ್ನಿನಂಥ ಪಟ್ಟಿಯಲ್ಲಿರುವ ಚಿಕಿತ್ಸೆಗೆ. ಸಂಜೆ ಏರಿ ಬೆಳಿಗ್ಗೆ ಇಳಿಯುವ ಜ್ವರಕ್ಕೆ, ಸುಸ್ತಿಗೆ, ಬಿಳಿ ಸೆರಗಿಗೆ, ಬಿಪಿಗೆ ಹತ್ತಿರದ ಆಸ್ಪತ್ರೆಯೇ ಗತಿ. ಅಲ್ಲಿ ಕಾಯಿಲೆ ಬೇಗ ಗೊತ್ತಾದರೆ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ತಪ್ಪಬಹುದು.

ಆರೋಗ್ಯಕ್ಕೂ ಡೇರಿಗೂ ಏನು ಸಂಬಂಧ ಎಂದು ಕೇಳಬೇಡಿ. ಗುಜರಾತಿನ ಖೇಡಾ ಹಾಲು ಒಕ್ಕೂಟದ ಸ್ಥಾಪಕ ಅಧ್ಯಕ್ಷರಾಗಿದ್ದ ತ್ರಿಭುವನದಾಸ್ ಪಟೇಲರು ನಿವೃತ್ತರಾದಾಗ ಸದಸ್ಯರೆಲ್ಲ ಕೂಡಿಸಿ ಒಂದು ನಿಧಿ ಅರ್ಪಿಸಿದರು. ಆ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹಳ್ಳಿಯ ತಾಯಿ ಮಕ್ಕಳ ಆರೋಗ್ಯಕ್ಕೆಂದು 1975ರಲ್ಲಿ ತ್ರಿಭುವನದಾಸ್ ಪ್ರತಿಷ್ಠಾನ ಕಟ್ಟಿದರು. ಹಾಲಿನ ಸಂಘದ ಜೊತೆ ಸೇರಿ ಊರಿನವರೇ ಆದ ಆರೋಗ್ಯ ಕಾರ್ಯಕರ್ತೆಯರು ಕೆಲಸ ಮಾಡುವ ಪದ್ಧತಿ ಅಲ್ಲಿ ಬೆಳೆಯಿತು. ದಿನಕ್ಕೆರಡು ಸಲ ಊರಿನ ಹೆಂಗಸರೆಲ್ಲ ಬಂದು ಹೋಗುವ ಜಾಗ ಡೇರಿ. ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ ಸಿಗುತ್ತದೆ?

ನನ್ನ ಅಭಿಪ್ರಾಯದಲ್ಲಿ ನಾವು ಕೇಳಬೇಕಾದವು ಮೂರು.

ಒಂದು, ವಾರಕ್ಕೆ ಎರಡು ದಿನವಾದರೂ ಸಂಜೆ ಏಳರಿಂದ ಹೊರರೋಗಿಗಳನ್ನು ನೋಡಲಿ. ನಮ್ಮ ಆಸ್ಪತ್ರೆಯ ವೇಳೆ ಬೆಳಿಗ್ಗೆ ಒಂಬತ್ತರಿಂದ ನಾಲ್ಕೂವರೆ. ಹುಲ್ಲು ತರುವುದು, ಅಡುಗೆ, ಕೊಟ್ಟಿಗೆ, ಕೂಲಿ, ಎಲ್ಲ ಅದೇ ಹೊತ್ತಿನಲ್ಲಿ. ಕೆಲಸ ಮುಗಿಸಿ ಹೊರಡುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ಕಾರ್ಖಾನೆಗೆ ಹೋಗುವ ಹೆಂಗಸರ ಗೋಳೂ ಇದೇ.

ಎರಡು, ಜ್ವರವೆಂದು ಬಂದವರನ್ನು "ಮನೆಯಲ್ಲಿ ದನ, ಕುರಿ, ಮೇಕೆ ಇವೆಯೇ?" ಎಂದು ಚೀಟಿ ಬರೆಯುವಲ್ಲೇ ಕೇಳಲಿ. ಅದಕ್ಕೆ ಕಾಸೂ ಖರ್ಚಿಲ್ಲ.

ಮೂರು, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಹಾಲು ಹಾಕುವ ಒಬ್ಬ ಹೆಣ್ಣುಮಗಳು ಇರಲಿ. ವೈದ್ಯರನ್ನು ನೇಮಿಸುವುದು ಸರ್ಕಾರದ ಕೆಲಸ, ಸಮಿತಿಯದಲ್ಲ ನಿಜ. ಆದರೆ ಖಾಲಿ ಹುದ್ದೆ ಎಷ್ಟು, ಯಾವ ಔಷಧಿ ಇಲ್ಲ, ಕುಡಿಯುವ ನೀರು, ಶೌಚಾಲಯ ಹೇಗಿದೆ ಎಂದು ಕೂತು ಕೇಳುವವರು ಬೇಕು. ಫ್ಯಾಟ್ ಒಂದು ಪಾಯಿಂಟ್ ಕಮ್ಮಿ ಬಂದರೆ ಅಲ್ಲೇ ನಿಂತು ಕೇಳುವ ನಮಗೆ ಇದು ಹೊಸ ವಿದ್ಯೆಯೇನಲ್ಲ.

ಇನ್ನು ನಮ್ಮ ಕೈಯಲ್ಲೇ ಇರುವ ಕೆಲಸ. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿಕೊಳ್ಳಿ. ಬಸುರಿಯರು ಹತ್ತಿರ ಹೋಗಲೇಬೇಡಿ. ಕಸವನ್ನು, ಸತ್ತ ಕರುವನ್ನು ತಿಪ್ಪೆಗೆ ಎಸೆಯದೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ಹಾಲು ಕಾಯಿಸದೆ ಕುಡಿಯಬೇಡಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆಯನ್ನು ಪಶುವೈದ್ಯರಿಂದ ಹಾಕಿಸಿ. ವಾರ ಕಳೆದರೂ ಜ್ವರ ಬಿಡದಿದ್ದರೆ ವೈದ್ಯರು ಕೇಳುವ ಮೊದಲೇ "ಹಸು ಸಾಕಿದ್ದೇವೆ" ಎಂದು ಹೇಳಿ.

ನನ್ನ ಮಂಡಿ ನೋವು ಇನ್ನೂ ಪೂರ್ತಿ ಹೋಗಿಲ್ಲ. ಮೊದಲೇ ಗೊತ್ತಾಗಿದ್ದರೆ ಇಷ್ಟು ಉಳಿಯುತ್ತಿರಲಿಲ್ಲವೇನೋ. ಸೆಪ್ಟೆಂಬರಿನಲ್ಲಿ ನಮ್ಮ ಸಂಘದ ಸರ್ವ ಸದಸ್ಯರ ಸಭೆ ಇದೆ. ಬೋನಸ್ ಮಾತು ಮುಗಿದ ಮೇಲೆ ಈ ಮೂರು ಬೇಡಿಕೆಗಳನ್ನು ಠರಾವು ಮಾಡಿ, ಆಸ್ಪತ್ರೆಗೂ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಕಳಿಸೋಣವೆಂದು ನಾನು ಎದ್ದು ನಿಂತು ಹೇಳುತ್ತೇನೆ. ನಿಮ್ಮ ಸಂಘದಲ್ಲಿ ನೀವೂ ಒಬ್ಬರು ಎದ್ದು ನಿಲ್ಲಿ.