ತೋರಿಸದೆ ಇಟ್ಟ ಚಿತ್ರಗಳು

ಸಿನೆಮಾ ಬಲ್ಲವರ ನಡುವೆ ಒಂದು ಹಳೆಯ ಆಟವಿದೆ. 'ಸಂಸ್ಕಾರ' ನೋಡಿದ್ದೀರಾ? 'ಘಟಶ್ರಾದ್ಧ'? ಹೋಗಲಿ, 'ಪಥೇರ್ ಪಾಂಚಾಲಿ'ಯನ್ನಾದರೂ? ಇಲ್ಲವೆಂದರೆ ಕೇಳಿದವರ ಹುಬ್ಬು ಮೇಲೇರುತ್ತದೆ. ಹಾಗಾದರೆ ನೀವೆಂಥ ಸಿನೆಮಾ ಪ್ರೇಮಿ ಎಂಬ ಪ್ರಶ್ನೆ ಬಾಯಿಂದ ಬಾರದಿದ್ದರೂ ಮುಖದಲ್ಲಿ ಕಾಣುತ್ತದೆ. ಸಾಯುವ ಮುನ್ನ ನೋಡಲೇಬೇಕಾದ ಚಿತ್ರಗಳ ಪಟ್ಟಿಗಳು ಆಗಾಗ ಪ್ರಕಟವಾಗುತ್ತಲೇ ಇರುತ್ತವೆ. ಅವನ್ನು ಓದಿ ನಾಚಿಕೊಳ್ಳುವವರಿದ್ದಾರೆ. ನೋಡದಿದ್ದರೂ ನೋಡಿದೆನೆಂದು ತಲೆಯಾಡಿಸಿ ಪಾರಾಗುವವರೂ ಇದ್ದಾರೆ. ಈ ಎರಡನೆಯ ವರ್ಗ ಸಣ್ಣದೇನಲ್ಲ ಎಂಬುದು ನಮ್ಮ ಗುಮಾನಿ.

ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ರಾಜಗೋಪಾಲನಗರದ ನಾವು ಮಾತ್ರ ಈ ನಾಚಿಕೆಯಲ್ಲಿ ಪಾಲು ತೆಗೆದುಕೊಳ್ಳಲು ಸಿದ್ಧರಿಲ್ಲ. ಇಲ್ಲಿ ಸಿನೆಮಾ ಪ್ರೇಮಕ್ಕೆ ಕೊರತೆಯಿಲ್ಲ. ಲೇತ್ ಮುಂದೆ ದಿನವಿಡೀ ನಿಂತವರು, ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರು ಶುಕ್ರವಾರ ಬಿಡುಗಡೆಯಾದ ಚಿತ್ರದ ಬಗ್ಗೆ ಶನಿವಾರವೇ ತೀರ್ಪು ಕೊಡಬಲ್ಲರು. 1972ರ 'ಬಂಗಾರದ ಮನುಷ್ಯ'ವನ್ನು ನೋಡಿ ಎಂದು ಇಲ್ಲಿ ಯಾರಿಗೂ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಚಿತ್ರ ಜನರ ಬಳಿಗೆ ಬಂತು, ಜನ ನೋಡಿದರು. ಬಾರದೇ ಹೋದ ಚಿತ್ರಗಳನ್ನು ನೋಡಲಿಲ್ಲವೆಂದು ಅವರನ್ನು ದೂರುವುದು ಯಾವ ನ್ಯಾಯ?

ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಕನ್ನಡಕ್ಕೆ ಬಂದಿರುವುದು ಆರು ಬಾರಿ: 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿ ಸಾಹೇಬ' (1997), 'ದ್ವೀಪ' (2001). ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿಯವರವು. ಕನ್ನಡದ ಹೆಮ್ಮೆ ಎಂದು ಭಾಷಣ ಮಾಡುವಾಗ ಈ ಹೆಸರುಗಳು ಬಾಯಿಪಾಠವಾಗಿ ಬರುತ್ತವೆ. ಈ ಆರರಲ್ಲಿ ಒಂದನ್ನಾದರೂ ದೊಡ್ಡ ತೆರೆಯ ಮೇಲೆ ನೋಡಿದವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ? 'ಸಂಸ್ಕಾರ'ವನ್ನು ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು. ಹೋರಾಟದ ಬಳಿಕ ಆ ತಡೆ ತೆರವಾಯಿತು. ಆದರೆ ನಮ್ಮ ಮಟ್ಟಿಗೆ ಅದು ಐವತ್ತೈದು ವರ್ಷ ದಾಟಿದರೂ ತೆರವಾಗಿಲ್ಲ. ಸೆನ್ಸಾರ್ ಮಂಡಳಿಯ ತಡೆಗೆ ಮೇಲ್ಮನವಿಯಾದರೂ ಇತ್ತು. ವಿತರಣೆಯ ತಡೆಗೆ ಮನವಿ ಸಲ್ಲಿಸುವುದು ಯಾರಿಗೆ?

'ಘಟಶ್ರಾದ್ಧ'ದ ಮೂಲ ನೆಗೆಟಿವ್‌ನಿಂದ ಹೊಸ ಪ್ರತಿ ಸಿದ್ಧಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ನಮಗೆ ಸಂತೋಷವೇ. ಮಲೆನಾಡಿನ ಅಗ್ರಹಾರದ ವಿಧವೆಯೊಬ್ಬಳ ನೋವು ಇಟಲಿಯವರಿಗೂ ಮುಟ್ಟಲಿ. ಆದರೆ ವೆನಿಸ್‌ಗೆ ತಲುಪಿದ ಚಿತ್ರಕ್ಕೆ ಪೀಣ್ಯದ ದಾರಿ ತಿಳಿಯದಿರುವುದು ಎಂಥ ವಿಪರ್ಯಾಸ! ಉತ್ಸವ ನಮ್ಮ ಊರಲ್ಲೂ ನಡೆಯುತ್ತದಲ್ಲ ಎನ್ನುವವರಿದ್ದಾರೆ. ನಡೆಯುತ್ತದೆ. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವದ 16ನೇ ಆವೃತ್ತಿ 2025ರ ಮಾರ್ಚ್ 1ರಿಂದ 8ರವರೆಗೆ ನಡೆಯಿತು. ಪ್ರದರ್ಶನವಿದ್ದ ಒರಾಯನ್ ಮಾಲ್‌ಗೆ ಪೀಣ್ಯದಿಂದ ಮೆಟ್ರೋದ ಹಸಿರು ಮಾರ್ಗದಲ್ಲಿ ಕೆಲವೇ ನಿಲ್ದಾಣ. ಆದರೆ ಆ ಎಂಟು ದಿನಗಳಲ್ಲಿ ಭಾನುವಾರ ಬಂದದ್ದು ಒಂದೇ. ವಾರಕ್ಕೊಂದೇ ರಜೆಯಿರುವವರು ಪಾಸಿಗೆ ಹಣ ಕೊಟ್ಟು ಅಲ್ಲಿ ಏನು ಮಾಡಬೇಕು? ಉದ್ಘಾಟನೆಯ ದಿನ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಚಿತ್ರರಂಗದವರ ನಟ್ಟು ಬೋಲ್ಟು ಬಿಗಿ ಮಾಡುವ ಮಾತಾಡಿ ದೊಡ್ಡ ಸುದ್ದಿಯಾದರು. ನಟ್ಟು ಬೋಲ್ಟುಗಳನ್ನು ನಿಜವಾಗಿಯೂ ಬಿಗಿಮಾಡಿ ಬದುಕುವವರ ನೆನಪು ಅಲ್ಲಿ ಯಾರಿಗೂ ಬಂದಂತಿಲ್ಲ.

ಇನ್ನು ಟಿಕೆಟ್ಟಿನ ಮಾತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದೂ ಪ್ರಜ್ಞಾವಂತರಿಂದಲೇ. ಇವು ನಿಧಾನಗತಿಯ ಚಿತ್ರಗಳು, ದುಡಿದು ದಣಿದು ಬಂದವರಿಗೆ ರುಚಿಸುವುದಿಲ್ಲ, ಅವರಿಗೆ ಬೇಕಾದದ್ದು ಹೊಡೆದಾಟ ಮತ್ತು ಹಾಡು ಎನ್ನುತ್ತಾರೆ. ಇದನ್ನು ಪರೀಕ್ಷಿಸಿ ನೋಡಿದವರು ಯಾರು? ಪರೀಕ್ಷಿಸಿದವರು ಒಬ್ಬರಿದ್ದರು. 1970ರ ದಶಕದಲ್ಲೇ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜದ ಮೂಲಕ ಸಾಗರದ ಬಳಿಯ ಹೆಗ್ಗೋಡೆಂಬ ಹಳ್ಳಿಯಲ್ಲಿ ಸತ್ಯಜಿತ್ ರಾಯ್, ಕುರೊಸಾವಾರ ಚಿತ್ರಗಳನ್ನು ತೋರಿಸಿದರು. ಹಳ್ಳಿಯ ಜನ ಬಂದರು, ಕುಳಿತರು, ನೋಡಿದರು. ಭಾಷೆ ಬಾರದ ಚಿತ್ರವನ್ನು ಅಂದು ಹೆಗ್ಗೋಡಿನ ಜನ ನೋಡಬಲ್ಲವರಾಗಿದ್ದರೆ ಕನ್ನಡದ್ದೇ ಚಿತ್ರವನ್ನು ಹೆಗ್ಗನಹಳ್ಳಿ, ಲಗ್ಗೆರೆಯ ಜನ ನೋಡಲಾರರೆಂದು ಮೊದಲೇ ತೀರ್ಮಾನಿಸುವುದು ವಿಮರ್ಶೆಯಲ್ಲ, ಅಹಂಕಾರ.

ನಿಜ ಹೇಳಬೇಕೆಂದರೆ ಈ ಚಿತ್ರಗಳು ಯಾರ ಬಗ್ಗೆ ಇವೆಯೋ ಅವರೇ ಇಲ್ಲಿದ್ದಾರೆ. 'ತಬರನ ಕಥೆ'ಯನ್ನೇ ನೋಡಿ. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಜೀವಮಾನವಿಡೀ ಸರಕಾರದ ಚಾಕರಿ ಮಾಡಿದ ತಬರ ನಿವೃತ್ತನಾದ ಮೇಲೆ ತನ್ನದೇ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಇತ್ತ ಹೆಂಡತಿಯ ಕಾಲು ಸಕ್ಕರೆ ಕಾಯಿಲೆಯಿಂದ ಕೊಳೆಯುತ್ತಿರುತ್ತದೆ. ಕಡತ ಚಲಿಸುವ ಹೊತ್ತಿಗೆ ಆಕೆ ಇರುವುದಿಲ್ಲ. ಈಗ 2016ರ ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಿ. ಭವಿಷ್ಯ ನಿಧಿಯ ಹಣವನ್ನು 58 ವರ್ಷ ತುಂಬುವ ತನಕ ಪೂರ್ತಿ ತೆಗೆಯುವಂತಿಲ್ಲವೆಂಬ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ ಕಾರ್ಮಿಕರು, ಅವರಲ್ಲೂ ಹೆಚ್ಚಾಗಿ ಮಹಿಳೆಯರು, ಬೀದಿಗಿಳಿದರು. ಹೊಸೂರು ರಸ್ತೆ ನಿಂತಿತು, ನಮ್ಮ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್ ಕೂಡ ನಿಂತಿತು. ಎರಡೇ ದಿನದಲ್ಲಿ ಕೇಂದ್ರ ಆ ನಿಯಮವನ್ನು ಹಿಂದೆಗೆದುಕೊಂಡಿತು. ತನ್ನ ದುಡಿಮೆಯ ಹಣ ಇನ್ಯಾರದೋ ಮೇಜಿನ ಮೇಲೆ ಕುಳಿತಿರುವುದರ ಅರ್ಥ ಆ ಮಹಿಳೆಯರಿಗಿಂತ ಚೆನ್ನಾಗಿ ಯಾವ ರಸಗ್ರಹಣ ಶಿಬಿರದವರಿಗೆ ಗೊತ್ತು? ಬಿತ್ತಲು ತುಂಡು ಭೂಮಿ ಬೇಕೆಂದು ಹಂಬಲಿಸಿದ ಚೋಮನನ್ನೂ ರಾಯಚೂರು, ಕಲಬುರಗಿಯಿಂದ ನೆಲ ಬಿಟ್ಟು ಪೀಣ್ಯಕ್ಕೆ ಬಂದವರಿಗೆ ಪರಿಚಯಿಸಬೇಕಾಗಿಲ್ಲ.

ಈ ಪ್ರಶ್ನೆ ಮುಸ್ಲಿಮರಾದ ನಮ್ಮನ್ನು ಇನ್ನೂ ಹತ್ತಿರದಿಂದ ತಟ್ಟುತ್ತದೆ. 2025ರಲ್ಲಿ ಬಾನು ಮುಷ್ತಾಕ್‌ರಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ನಾಡೆಲ್ಲ ಸಂಭ್ರಮಿಸಿತು. ಅವರ 'ಕರಿ ನಾಗರಗಳು' ಕಥೆಯನ್ನು ಕಾಸರವಳ್ಳಿ 2004ರಲ್ಲೇ 'ಹಸೀನಾ' ಹೆಸರಿನಲ್ಲಿ ಚಿತ್ರವಾಗಿಸಿದ್ದರು, ಅದರ ಅಭಿನಯಕ್ಕೆ ತಾರಾ ರಾಷ್ಟ್ರಪ್ರಶಸ್ತಿ ಪಡೆದಿದ್ದರು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ತನ್ನ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮುತವಲ್ಲಿಯ ಮುಂದೆ ನ್ಯಾಯ ಕೇಳುವ ಕಥೆ ಅದು. ಇದು ಸಮುದಾಯದ ಮಾನ ಕಳೆಯುವ ಚಿತ್ರವೆಂದು ಸಿಡುಕುವವರಿದ್ದಾರೆ. ನೋಡಿ, ಇವರ ಮನೆಯ ಕಥೆಯೇ ಹೀಗೆ ಎಂದು ಬೆರಳು ತೋರಿಸುವ ಹೊರಗಿನವರೂ ಇದ್ದಾರೆ. ಚಿತ್ರವನ್ನು ನೋಡದೇ ಇರುವುದರಲ್ಲಿ ಮಾತ್ರ ಇಬ್ಬರೂ ಅಣ್ಣತಮ್ಮಂದಿರು. ನೋಡಿದ್ದರೆ ಮೊದಲಿನವರು ಹಸೀನಾಳಿಗೆ ಉತ್ತರ ಕೊಡಬೇಕಾಗುತ್ತಿತ್ತು. ಎರಡನೆಯವರು ಅವಳ ಬಡತನದಲ್ಲಿ ತಮ್ಮ ಓಣಿಯ ಹೆಣ್ಣುಮಕ್ಕಳನ್ನೂ ಗುರುತಿಸಬೇಕಾಗುತ್ತಿತ್ತು.

ವೈದೇಹಿಯವರ ಕಥೆಯ ಎಳೆ ಹಿಡಿದು ಬಂದ 'ಗುಲಾಬಿ ಟಾಕೀಸ್' (2008) ಇದಕ್ಕಿಂತ ಮುಖ್ಯವಾದ ಚಿತ್ರವೆಂಬುದು ನಮ್ಮ ಅಭಿಪ್ರಾಯ. ಕರಾವಳಿಯ ಮೀನುಗಾರರ ಹಳ್ಳಿಯಲ್ಲಿ ಸೂಲಗಿತ್ತಿ ಗುಲಾಬಿ ಮುಸ್ಲಿಂ ಹೆಣ್ಣು, ಸಿನೆಮಾ ಎಂದರೆ ಪ್ರಾಣ. ಆ ಪಾತ್ರಕ್ಕೆ ಉಮಾಶ್ರೀ ರಾಷ್ಟ್ರಪ್ರಶಸ್ತಿ ಪಡೆದರು. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಬಂದ ಟೀವಿಯ ಮುಂದೆ ಕೇರಿಯ ಹೆಂಗಸರು ಅವಳ ಮನೆಯಲ್ಲಿ ಸೇರುತ್ತಾರೆ. ಅವಳು ಮುಸ್ಲಿಮಳೆಂದು ದೂರ ಉಳಿಯುವವರಿದ್ದಾರೆ, ಗಂಡಸರು ಕಡಲಿಗೆ ಹೋದ ಹೊತ್ತು ನೋಡಿ ಬರುವವರಿದ್ದಾರೆ. ಆಮೇಲೆ ಕಾರ್ಗಿಲ್ ಯುದ್ಧದ ದಿನಗಳು, ಮೀನುಗಾರಿಕೆಯ ಜಗಳಕ್ಕೆ ಧರ್ಮದ ಬಣ್ಣ, ಗುಸುಗುಸು. ಕೊನೆಗೆ ಗುಲಾಬಿಗೆ ಆ ಊರಲ್ಲಿ ಜಾಗವಿಲ್ಲ. ಸಿನೆಮಾ ಪ್ರೇಮಿಯೊಬ್ಬಳ ಈ ಚಿತ್ರವನ್ನು ಸಿನೆಮಾ ಪ್ರೇಮಿಗಳೇ ನೋಡಿಲ್ಲ! ಇದು ತಮಾಷೆಯ ಮಾತಲ್ಲ. ಗುಲಾಬಿಯನ್ನು ಕಾಣದ ನೆರೆಯವರು ನಮ್ಮನ್ನು ಅರಿಯುವುದು ಬಾಂಬು ಹಿಡಿದ ಖಳನಾಯಕನಿಂದ, ಇಲ್ಲವೇ ನಾಯಕನಿಗಾಗಿ ಪ್ರಾಣ ಕೊಡುವ ಗೆಳೆಯನಿಂದ. ಆ ಚಿತ್ರಗಳಿಗೆ ಮಾತ್ರ ಪೀಣ್ಯದ ದಾರಿ ಚೆನ್ನಾಗಿ ಗೊತ್ತಿದೆ.

ಒಂದು ಕಾಲದಲ್ಲಿ ದೂರದರ್ಶನ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸುತ್ತಿತ್ತು. ನಿದ್ದೆಯ ಹೊತ್ತೆಂದು ನಕ್ಕವರಿದ್ದರು. ಆದರೂ ಎಷ್ಟೋ ಮಂದಿ ಅಸ್ಸಾಮಿ, ಬಂಗಾಳಿ, ಮಲಯಾಳಂ ಚಿತ್ರಗಳನ್ನು ಮೊದಲು ಕಂಡದ್ದು ಅಲ್ಲಿಯೇ. ಕಾಸಿಲ್ಲದೆ ತೆರೆದಿದ್ದ ಆ ಬಾಗಿಲು ಮುಚ್ಚಿತು. ಅದರ ಜಾಗಕ್ಕೆ ಬಂದದ್ದು ತಿಂಗಳ ಚಂದಾ.

ಹಲವು ದಶಕಗಳಿಂದ ಕನ್ನಡ ಚಿತ್ರಗಳಿಗೆ ಸಾರ್ವಜನಿಕರ ಹಣದಿಂದ ಸಹಾಯಧನ ಹೋಗುತ್ತಿದೆ. ಪುಸ್ತಕಕ್ಕೆ 1965ರ ಗ್ರಂಥಾಲಯ ಕಾಯ್ದೆಯಿದೆ, ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಚಿತ್ರಕ್ಕೆ ಅಂಥದ್ದೇನಿದೆ? 2025ರ ಬಜೆಟ್‌ನಲ್ಲಿ ರಾಜ್ಯ ಸರಕಾರ ಕನ್ನಡ ಚಿತ್ರಗಳಿಗೆ ಒಟಿಟಿ ವೇದಿಕೆಯನ್ನೂ ಸಂಗ್ರಹಾಗಾರವನ್ನೂ ಘೋಷಿಸಿತು. ಸಂಗ್ರಹಿಸಿ ಬೀಗ ಹಾಕುವುದಾದರೆ ನಮಗೇನು ಬಂತು? ಸಹಾಯಧನ ಪಡೆದ, ಪ್ರಶಸ್ತಿ ಪಡೆದ ಪ್ರತಿ ಚಿತ್ರವೂ ವಾರ್ಡಿನ ಸರಕಾರಿ ಶಾಲೆಯ ಅಂಗಳದಲ್ಲಿ, ಭಾನುವಾರ ಸಂಜೆ, ಬಿಟ್ಟಿಯಾಗಿ ಪ್ರದರ್ಶನವಾಗಬೇಕೆಂಬ ಷರತ್ತು ಹಾಕಲಿ. ಒಂದು ಬಿಳಿ ಪರದೆ, ಒಂದು ಪ್ರೊಜೆಕ್ಟರ್, ಎರಡು ಸ್ಪೀಕರ್ ಸಾಕು. ಟೆಂಟ್ ಸಿನೆಮಾದ ನಾಡಿಗೆ ಇದು ಹೊಸದೇನಲ್ಲ.

ರಾಜಗೋಪಾಲನಗರದಲ್ಲಿ 'ತಬರನ ಕಥೆ'ಯಿಂದಲೇ ಶುರುವಾಗಲಿ. ಪ್ರದರ್ಶನದ ಬಳಿಕ ಚಿತ್ರದ ಮಹತ್ವ ವಿವರಿಸಲು ಯಾರೂ ಬರಬೇಕಾಗಿಲ್ಲ. ಪಟ್ಟಿ ಹಿಡಿದು ನಮ್ಮನ್ನು ಪ್ರಶ್ನಿಸುವವರು ಬರುವುದಾದರೆ ಬರಲಿ, ಹಿಂದಿನ ಸಾಲಿನಲ್ಲಿ ಕುಳಿತು ಗಾರ್ಮೆಂಟ್ ಹೆಣ್ಣುಮಕ್ಕಳು ತಬರನ ಬಗ್ಗೆ ಏನು ಹೇಳುತ್ತಾರೆಂದು ಕೇಳಿಸಿಕೊಳ್ಳಲಿ.