ಸಾಧನೀಯ: ಮರಳಿ ಬರುತ್ತೇನೆ

ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿತವರಿಗೆಲ್ಲ ಮೂರು ಮಾತುಗಳು ನೆನಪಿರುತ್ತವೆ: ದತ್ತ, ಸಾಧನೀಯ, ಸಾಧನೆ. ಏನನ್ನು ಕೊಟ್ಟಿದ್ದಾರೆ ಎಂದು ಮೊದಲು ಬರೆಯಬೇಕು. ಏನನ್ನು ಸಾಧಿಸಬೇಕು ಎಂದು ಆಮೇಲೆ ಬರೆಯಬೇಕು. ಕೊನೆಗೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಸಾಧಿಸಬೇಕು. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಹೀಗೆ ಸಾಧಿಸಿದ ಮೇಲೆ ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಾಧಿಸಬೇಕಾದದ್ದು ಕೋನವಲ್ಲ, ಮನುಷ್ಯನ ಮನಸ್ಸು ಎಂದಾದರೆ? ಅದೂ ಇಂದಿನ ಮನಸ್ಸಲ್ಲ, ಇನ್ನೊಂದು ತಿಂಗಳ ನಂತರದ ಮನಸ್ಸು ಎಂದಾದರೆ?

ದೂರದೇಶದಲ್ಲಿರುವ ಸಂಗಾತಿಯನ್ನು ನೋಡಿ ಬರಲು ಭೇಟಿಯ ವೀಸಾ ಕೇಳುವವರ ಮುಂದಿರುವ ಪ್ರಮೇಯ ಇಂಥದೇ. ಅಮೆರಿಕದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಅಲ್ಲಿನ 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯಿದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಿಯಾಗಿ ಬರುತ್ತೇನೆ ಎನ್ನುವ ಪ್ರತಿಯೊಬ್ಬ ವಿದೇಶಿಯನ್ನೂ ಅಲ್ಲಿಯೇ ನೆಲೆಸಲು ಬರುವವನೆಂದೇ ಮೊದಲು ಭಾವಿಸಬೇಕು. ಹಾಗಲ್ಲ ಎಂದು ಅಧಿಕಾರಿಗೆ ಮನದಟ್ಟು ಮಾಡುವ ಹೊಣೆ ಅರ್ಜಿದಾರನದು. ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ. ವೀಸಾ ಕಿಂಡಿಯಲ್ಲಿ ಲೆಕ್ಕ ತಿರುಗುಮುರುಗು. ದತ್ತ: ಈತ ಮರಳುವವನಲ್ಲ. ಸಾಧನೀಯ: ಮರಳುವವನು. ಸಾಧನೆಗೆ ಸಿಗುವ ಕಾಲ ಎಷ್ಟೋ ಸಲ ಕೆಲವೇ ನಿಮಿಷ.

ಒಂದು ಲೆಕ್ಕ

ಪಠ್ಯಪುಸ್ತಕದ ಮಾದರಿಯಲ್ಲಿ ಒಂದು ಲೆಕ್ಕ ಹಾಕೋಣ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ಅಮೆರಿಕದ ಪ್ರಜೆ. ಶಿವಮೊಗ್ಗದ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿರುವ ಹುಡುಗ. ಮದುವೆ ಮಾತುಕತೆ ನಡೆದಿದೆ, ದಿನ ಗೊತ್ತಾಗಿಲ್ಲ. ಬೇಸಿಗೆ ರಜೆಯಲ್ಲಿ ಮೂರು ವಾರ ಹೋಗಿ ಅವಳ ಮನೆ, ಊರು ನೋಡಿ ಬರಬೇಕೆಂದು ಹುಡುಗನ ಆಸೆ. ಇದಕ್ಕೆ ಬೇಕಾದದ್ದು ಬಿ-2 ಎಂಬ ಭೇಟಿಯ ವೀಸಾ. ಡಿ.ಎಸ್.-160 ಎಂಬ ಅರ್ಜಿ ತುಂಬಬೇಕು, ಶುಲ್ಕ ಕಟ್ಟಬೇಕು, ಬೆರಳಚ್ಚು ಕೊಡಬೇಕು, ಸಂದರ್ಶನಕ್ಕೆ ಹೋಗಬೇಕು. 2023ರ ಜೂನ್ 17ರಂದು ಈ ಶುಲ್ಕ 160 ಡಾಲರಿನಿಂದ 185 ಡಾಲರಿಗೆ ಏರಿತು. ವೀಸಾ ಸಿಗಲಿ ಬಿಡಲಿ, ಕಟ್ಟಿದ ಹಣ ವಾಪಸು ಬಾರದು. ದಶಕಗಳ ಕಾಲ ಕರ್ನಾಟಕದವರು ಇದಕ್ಕಾಗಿ ಚೆನ್ನೈಗೆ ರೈಲು ಹತ್ತಿದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಕೊಡುವ ಕೆಲಸ ಆಗಲೇ ಅಲ್ಲಿ ಶುರುವಾಗಲಿಲ್ಲ.

ಇಂಥ ಹುಡುಗನ ಮನೆಯಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆ? ಹುಡುಗಿಯ ಕಡೆಯಿಂದ ಆಮಂತ್ರಣ ಪತ್ರ ತರಿಸುತ್ತಾರೆ. ಅವಳ ತಂದೆಯ ಸಂಬಳದ ಚೀಟಿ, ಮನೆಯ ಫೋಟೊ, ಇಬ್ಬರೂ ಜೊತೆಗಿರುವ ಚಿತ್ರಗಳು ಎಲ್ಲವೂ ಕಡತ ಸೇರುತ್ತವೆ. ಕಡತ ದಪ್ಪವಾದಷ್ಟೂ ಧೈರ್ಯ. ಆದರೆ ಸಾಧನೀಯ ಏನೆಂಬುದನ್ನೇ ಮರೆತಂತಾಯಿತಲ್ಲವೇ? ಹುಡುಗಿ ಅಲ್ಲಿ ಅನುಕೂಲವಾಗಿದ್ದಾಳೆ, ಇಬ್ಬರಿಗೂ ಗಾಢವಾದ ಪ್ರೀತಿಯಿದೆ ಎಂದು ಎಷ್ಟು ಚೆನ್ನಾಗಿ ತೋರಿಸಿದರೆ ಹುಡುಗ ಅಲ್ಲಿಯೇ ಉಳಿದುಬಿಡಲು ಅಷ್ಟು ಬಲವಾದ ಕಾರಣ ಕೊಟ್ಟಂತೆ. ಅರ್ಜಿದಾರನ ಯೋಗ್ಯತೆಯನ್ನು ಅಳೆಯುವುದು ತನ್ನ ದೇಶದಲ್ಲಿ ಅವನಿಗಿರುವ ನಂಟಿನಿಂದಲೇ ಹೊರತು ಅಮೆರಿಕದಲ್ಲಿರುವ ಬಂಧುಮಿತ್ರರ ಭರವಸೆಯಿಂದ ಅಲ್ಲ ಎಂದು ಆ ದೇಶದ ವಿದೇಶಾಂಗ ಇಲಾಖೆಯೇ ಹೇಳುತ್ತದೆ. ಆಮಂತ್ರಣ ಪತ್ರ ಕಡ್ಡಾಯವೂ ಅಲ್ಲ.

ಹಾಗಾದರೆ ಸಾಧನೆಯ ಮೆಟ್ಟಿಲುಗಳು ಯಾವುವು? ಕಾಲೇಜಿನಲ್ಲಿ ಕಾಯಂ ನೌಕರಿ, ಇಂಥ ದಿನದಿಂದ ಇಂಥ ದಿನದವರೆಗೆ ಮಂಜೂರಾದ ರಜೆ, ಮರಳಿದ ಮೇಲೆ ಕಾದಿರುವ ತರಗತಿಗಳು, ವಯಸ್ಸಾದ ತಂದೆತಾಯಿಯ ಹೊಣೆ, ಹಿಂದೆ ಬೇರೆ ದೇಶಕ್ಕೆ ಹೋಗಿ ಹೇಳಿದ ದಿನಕ್ಕೆ ಮರಳಿ ಬಂದ ದಾಖಲೆ. ಖರ್ಚು ಯಾರದು ಎಂಬುದಕ್ಕೆ ಸ್ಪಷ್ಟ ಉತ್ತರ ಬೇಕು. ಮೂರು ವಾರದ ರಜೆ ಪಡೆದವನು ಆರು ತಿಂಗಳು ಇರುತ್ತೇನೆ ಎಂದರೆ ಲೆಕ್ಕ ತಾಳೆಯಾಗುವುದಿಲ್ಲ.

ಇದರ ಅರ್ಥ ಹುಡುಗಿಯ ವಿಚಾರವನ್ನೇ ಮುಚ್ಚಿಡಬೇಕೆಂದಲ್ಲ. ಅಮೆರಿಕದಲ್ಲಿ ಹತ್ತಿರದ ನಂಟರು ಇದ್ದಾರೆಯೇ ಎಂಬ ಪ್ರಶ್ನೆ ಅರ್ಜಿಯಲ್ಲಿದೆ. ಮದುವೆ ನಿಶ್ಚಯವಾದ ಹುಡುಗ ಅಥವಾ ಹುಡುಗಿಯೂ ಆ ಪಟ್ಟಿಯಲ್ಲಿ ಸೇರುತ್ತಾರೆ. ‘ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆಯನ್ನು ನಂಬಿ ಇಲ್ಲಿ ‘ಇಲ್ಲ’ ಎಂದು ಬರೆಸುವ ಹಿರಿಯರಿದ್ದಾರೆ. ಮುಖ್ಯ ಸಂಗತಿಯನ್ನು ಬೇಕೆಂದೇ ಸುಳ್ಳಾಗಿ ಹೇಳಿದ್ದು ರುಜುವಾತಾದರೆ ಆ ದೇಶದ ಬಾಗಿಲು ಜೀವಮಾನಕ್ಕೆ ಮುಚ್ಚಬಹುದು. ವೀಸಾ ನಿರಾಕರಣೆ ಒಂದು ಗಾಯ, ಇಂದಲ್ಲ ನಾಳೆ ಮಾಯುತ್ತದೆ. ಸುಳ್ಳಿನ ದಾಖಲೆ ಮಾಯುವುದಿಲ್ಲ.

ಓದಲು ಹೋದವರ ಸಂಗತಿ ಸ್ವಲ್ಪ ಬೇರೆ. ಎಫ್-1 ವೀಸಾದ ವಿದ್ಯಾರ್ಥಿಯ ಗಂಡ ಅಥವಾ ಹೆಂಡತಿಗೆ, 21 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೆ ಎಫ್-2 ವೀಸಾ ಇದೆ. ನಿಶ್ಚಿತಾರ್ಥವಷ್ಟೇ ಆದವರಿಗೆ ಅದಿಲ್ಲ. ಅವರೂ ಬಿ-2 ಸಾಲಿನಲ್ಲೇ ನಿಲ್ಲಬೇಕು.

ಎರಡು ಬಗೆಯ ತಪ್ಪು

ಅಧಿಕಾರಿಯ ಕಡೆಯಿಂದಲೂ ನೋಡುವುದು ನ್ಯಾಯ. ಅವನು ಎರಡು ಬಗೆಯಲ್ಲಿ ತಪ್ಪಬಹುದು. ಮರಳದವನಿಗೆ ವೀಸಾ ಕೊಡುವುದು ಒಂದು. ಮರಳುವವನಿಗೆ ಕೊಡದಿರುವುದು ಇನ್ನೊಂದು. ಪ್ರಯೋಗಶಾಲೆಯಲ್ಲಿ ರಕ್ತಪರೀಕ್ಷೆ ಮಾಡುವವರಿಗೂ ಈ ಪೇಚು ಗೊತ್ತು. ಒಂದು ಬಗೆಯ ತಪ್ಪನ್ನು ತಗ್ಗಿಸಲು ಜರಡಿಯನ್ನು ಬಿಗಿ ಮಾಡಿದರೆ ಇನ್ನೊಂದು ಬಗೆಯ ತಪ್ಪು ಹೆಚ್ಚುತ್ತದೆ.

ಆದರೆ ಒಂದು ವ್ಯತ್ಯಾಸವಿದೆ. ಮೊದಲ ತಪ್ಪು ಕಣ್ಣಿಗೆ ಬೀಳುತ್ತದೆ: ಅವಧಿ ಮುಗಿದರೂ ಹೊರಡದವನ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಎರಡನೆಯದು ಎಂದಿಗೂ ಬೀಳುವುದಿಲ್ಲ. ಶಿವಮೊಗ್ಗದ ಹುಡುಗನಿಗೆ ವೀಸಾ ಕೊಡದಿದ್ದರೆ, ಕೊಟ್ಟಿದ್ದರೆ ಮರಳುತ್ತಿದ್ದನೇ ಎಂದು ತಿಳಿಯುವ ದಾರಿಯೇ ಇಲ್ಲ. ಪ್ರಯೋಗ ನಡೆಯಲೇ ಇಲ್ಲ; ಫಲಿತಾಂಶ ಎಲ್ಲಿಂದ ಬರಬೇಕು? ಕಾಣುವ ತಪ್ಪಿಗೆ ಹೆದರಿ ಕಾಣದ ತಪ್ಪನ್ನು ಹೆಚ್ಚಿಸುವ ವ್ಯವಸ್ಥೆ ತಾನು ಸರಿಯಾಗಿಯೇ ಇದ್ದೇನೆ ಎಂದು ಸುಲಭವಾಗಿ ನಂಬಿಕೊಳ್ಳಬಲ್ಲದು.

ಇದರ ಮೇಲೆ ದೇಶದ ಹಣೆಪಟ್ಟಿ ಬೇರೆ. ಫ್ರಾನ್ಸ್, ಜಪಾನ್ ಮೊದಲಾದ ಕೆಲವು ದೇಶಗಳವರು ವೀಸಾ ಇಲ್ಲದೆ, ಮುಂಗಡ ಅನುಮತಿಯೊಂದನ್ನು ಪಡೆದು 90 ದಿನಗಳ ಮಟ್ಟಿಗೆ ಅಮೆರಿಕಕ್ಕೆ ಹೋಗಬಹುದು. ಈ ಸವಲತ್ತಿಗೆ ಒಂದು ದೇಶ ಸೇರಬೇಕಾದರೆ ಆ ದೇಶದವರ ಪ್ರವಾಸಿ ವೀಸಾ ಅರ್ಜಿಗಳ ನಿರಾಕರಣೆ ಶೇಕಡಾ 3ಕ್ಕಿಂತ ಕಡಿಮೆ ಇರಬೇಕೆಂಬುದು ಷರತ್ತುಗಳಲ್ಲಿ ಒಂದು. ಪ್ಯಾರಿಸಿನ ಪ್ರೇಮಿ ಯಾವ ಕಿಂಡಿಯ ಮುಂದೂ ನಿಲ್ಲದೆ ವಿಮಾನ ಹತ್ತುತ್ತಾನೆ. ಶಿವಮೊಗ್ಗದವನು ಕಡತ ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ. ತರಗತಿಯ ಸರಾಸರಿ ಅಂಕ 40 ಎಂದಾದರೆ ಅಲ್ಲಿನ ಒಬ್ಬ ಹುಡುಗನಿಗೆ ಎಷ್ಟು ಬಂದಿದೆ ಎಂದು ಅದರಿಂದ ಹೇಳಲಾಗದು ಎಂಬುದನ್ನು ಸಂಖ್ಯಾಶಾಸ್ತ್ರದ ಮೊದಲ ಪಾಠದಲ್ಲೇ ಕಲಿಸುತ್ತಾರೆ.

ಹಳೆಯ ಕಥೆ

ಇದೆಲ್ಲ ಅನಾದಿ ಕಾಲದಿಂದ ಬಂದ ಪದ್ಧತಿಯೂ ಅಲ್ಲ. ‘ವೀಸಾ’ ಎಂದರೆ ಲ್ಯಾಟಿನ್ ಮೂಲದಲ್ಲಿ ‘ನೋಡಲಾಗಿದೆ’ ಎಂದಷ್ಟೇ ಅರ್ಥ. ಮೊದಲ ಮಹಾಯುದ್ಧಕ್ಕೆ ಮುನ್ನ ಯೂರೋಪಿನ ಬಹುಭಾಗದಲ್ಲಿ ಜನ ಪಾಸ್‌ಪೋರ್ಟ್ ಇಲ್ಲದೆಯೇ ಓಡಾಡುತ್ತಿದ್ದರು. ಯುದ್ಧಕಾಲದಲ್ಲಿ ಬಂದ ತಪಾಸಣೆ ಯುದ್ಧ ಮುಗಿದ ಮೇಲೂ ಹೋಗಲಿಲ್ಲ. 1920ರಲ್ಲಿ ಪ್ಯಾರಿಸಿನಲ್ಲಿ ರಾಷ್ಟ್ರಸಂಘ ಕರೆದ ಸಮ್ಮೇಳನ 32 ಪುಟಗಳ ಪಾಸ್‌ಪೋರ್ಟ್ ಪುಸ್ತಿಕೆಯ ಮಾದರಿಯನ್ನು ಗೊತ್ತುಮಾಡಿತು.

ಮನಸ್ಸಿನ ಉದ್ದೇಶವನ್ನು ಅಳೆಯಹೊರಟವರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಯಿದೆ. 1979ರ ಜನವರಿಯಲ್ಲಿ ಭಾರತದ 35 ವರ್ಷದ ಶಿಕ್ಷಕಿಯೊಬ್ಬರು ಮದುವೆಗೆಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದರು. ಆಕೆ ನಿಜವಾಗಿ ಅವಿವಾಹಿತೆಯೇ ಎಂದು ‘ಪತ್ತೆ’ ಮಾಡಲು ಅಧಿಕಾರಿಗಳು ಆಕೆಯನ್ನು ಅವಮಾನಕರವಾದ ದೇಹಪರೀಕ್ಷೆಗೆ ಗುರಿಪಡಿಸಿದರು. ಅಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ. ಫೆಬ್ರವರಿಯಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂದು, ಭಾರತ ಪ್ರತಿಭಟಿಸಿದ ಮೇಲೆ ಆ ಪದ್ಧತಿಯನ್ನು ನಿಲ್ಲಿಸಲಾಯಿತು. ಮರುವರ್ಷ, 1980ರಲ್ಲಿ, ‘ಪ್ರಧಾನ ಉದ್ದೇಶ’ದ ನಿಯಮ ಬಂದಿತು: ಮದುವೆಯ ಪ್ರಧಾನ ಉದ್ದೇಶ ಬ್ರಿಟನ್ನಿನಲ್ಲಿ ನೆಲೆಸುವುದಲ್ಲ ಎಂದು ಹೊರಗಿನ ಸಂಗಾತಿಯೇ ಸಾಧಿಸಬೇಕು. ಹಿರಿಯರು ನೋಡಿ ನಿಶ್ಚಯಿಸಿದ ಮದುವೆಗಳಲ್ಲಿ ಇದನ್ನು ಸಾಧಿಸುವುದು ಹೇಗೆ? ಭಾರತ ಉಪಖಂಡದ ಅನೇಕ ಕುಟುಂಬಗಳು ವರ್ಷಗಟ್ಟಲೆ ಬೇರೆಬೇರೆಯಾಗಿ ಉಳಿದವು. 1997ರ ಜೂನ್‌ನಲ್ಲಿ ಆ ನಿಯಮ ರದ್ದಾಯಿತು.

ಅಮೆರಿಕದಲ್ಲಿ 2024ರ ಜೂನ್ 21ರಂದು ಅಲ್ಲಿನ ಸುಪ್ರೀಂ ಕೋರ್ಟು ಮುನ್ಯೋಸ್ ಪ್ರಕರಣದಲ್ಲಿ ತೀರ್ಪು ನೀಡಿತು. ತನ್ನ ವಿದೇಶಿ ಗಂಡನಿಗೋ ಹೆಂಡತಿಗೋ ದೇಶದೊಳಗೆ ಪ್ರವೇಶ ದೊರಕಬೇಕು ಎಂಬುದು ಅಮೆರಿಕದ ಪ್ರಜೆಯ ಮೂಲಭೂತ ಹಕ್ಕಲ್ಲ ಎಂದಿತು ಬಹುಮತದ ತೀರ್ಪು. ಮದುವೆಯಾದವರಿಗೇ ಹೀಗೆಂದರೆ ಮಾತುಕತೆಯ ಹಂತದಲ್ಲಿರುವವರ ಪಾಡು ಊಹಿಸಬಹುದು. 214(ಬಿ) ಅಡಿಯ ನಿರಾಕರಣೆಯ ಮೇಲೆ ಅಪೀಲು ಇಲ್ಲ. ಹೊಸ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬಹುದು, ಅಷ್ಟೆ.

ವೀಸಾ ಸಿಕ್ಕ ಮೇಲೆ

ವೀಸಾ ಸಿಕ್ಕಿತೆಂದರೆ ಪ್ರವೇಶ ಸಿಕ್ಕಿತೆಂದಲ್ಲ. ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ ಎಷ್ಟು ದಿನ ಇರಬಹುದೆಂದು ನಿರ್ಧರಿಸುತ್ತಾನೆ. ಐ-94 ಎಂಬ ದಾಖಲೆಯಲ್ಲಿ ಆ ದಿನಾಂಕ ಇರುತ್ತದೆ. ಬಿ-2 ವೀಸಾದವರಿಗೆ ಸಾಮಾನ್ಯವಾಗಿ ಆರು ತಿಂಗಳು. ವೀಸಾದ ಮೇಲೆ ಹತ್ತು ವರ್ಷವೆಂದು ಅಚ್ಚಾಗಿದ್ದರೂ ಹೊರಡಬೇಕಾದದ್ದು ಈ ದಿನಾಂಕಕ್ಕೆ. 1996ರ ಕಾನೂನಿನಂತೆ, ಅಕ್ರಮವಾಗಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಟವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ.

‘ಹೇಗೂ ಹೋಗಿದ್ದೀಯ, ಅಲ್ಲೇ ತಾಳಿ ಕಟ್ಟಿ ಉಳಿದುಬಿಡು’ ಎಂಬ ಸಲಹೆ ಫೋನಿನಲ್ಲಿ ಬರುವುದುಂಟು. ಬಂದ 90 ದಿನಗಳೊಳಗೆ ಹೀಗೆ ಮಾಡಿದರೆ ವೀಸಾ ಕೇಳುವಾಗಲೇ ಸುಳ್ಳು ಹೇಳಿದ್ದನೆಂದು ಭಾವಿಸಲು ಅಲ್ಲಿನ ವಿದೇಶಾಂಗ ಇಲಾಖೆಯ ಕೈಪಿಡಿ ಅವಕಾಶ ಕೊಡುತ್ತದೆ. ಮದುವೆಗೆಂದೇ ಹೋಗುವವರಿಗೆ 1970ರಿಂದಲೂ ಕೆ-1 ಎಂಬ ಬೇರೆ ವೀಸಾ ಇದೆ. ಅದಕ್ಕೆ ಅರ್ಜಿ ಹಾಕಬೇಕಾದವರು ಅಮೆರಿಕದ ಪ್ರಜೆಯೇ ಆಗಿರಬೇಕು. ಹೋದ 90 ದಿನಗಳೊಳಗೆ ಮದುವೆಯಾಗಬೇಕು. ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಇಬ್ಬರೂ ಒಮ್ಮೆಯಾದರೂ ಮುಖತಃ ಭೇಟಿಯಾಗಿರಬೇಕು. ಹುಡುಗನಿಗೆ ಹೋಗಲು ವೀಸಾ ಸಿಗದಿದ್ದರೆ ಹುಡುಗಿಯೇ ಇಲ್ಲಿಗೆ ಬರಬೇಕಷ್ಟೆ.

ಹಾಗೆ ಬರುವವರಿಗೆ ನಮ್ಮ ಬಾಗಿಲು ಹೇಗಿದೆ? 2014ರ ನವೆಂಬರ್ 27ರಂದು ಶುರುವಾದ ವ್ಯವಸ್ಥೆಯಿಂದಾಗಿ ಅಮೆರಿಕದವರೂ ಸೇರಿದಂತೆ ಅನೇಕ ದೇಶಗಳವರು ಮನೆಯಲ್ಲೇ ಕುಳಿತು ಇ-ವೀಸಾ ಕೇಳಬಹುದು. ಸ್ನೇಹಿತರನ್ನು, ಬಂಧುಗಳನ್ನು ನೋಡುವುದೂ ಅದಕ್ಕೆ ಒಪ್ಪಿತವಾದ ಕಾರಣ. ಆದರೆ ವಿದೇಶಿ ಪಾಸ್‌ಪೋರ್ಟಿನ ಅತಿಥಿ ಮನೆಯಲ್ಲಿ ಉಳಿದರೆ ಹೋಟೆಲಿನವರಂತೆ ಮನೆಯವರೂ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕು. ಭಾವೀ ಸೊಸೆಗೆ ಹೋಳಿಗೆ ಬಡಿಸುವ ಗಡಿಬಿಡಿಯಲ್ಲಿ ಅನೇಕರಿಗೆ ಇದು ಹೊಳೆಯುವುದೇ ಇಲ್ಲ. ಕನ್ನಡ ಮಾತಾಡುವ ಹುಡುಗಿಯಾದರೂ ಕಾಯಿದೆಯ ಕಣ್ಣಿಗೆ ಅವಳು ವಿದೇಶಿ.

ಕೊನೆಗೆ ತಂದೆತಾಯಿಗಳು ಯೋಚಿಸಬೇಕಾದ ಒಂದು ಮಾತು. ವೀಸಾ ನಿರಾಕರಿಸಿದ ಚೀಟಿ ಹಿಡಿದು ಹುಡುಗ ಮನೆಗೆ ಬಂದಾಗ, ‘ಅವನಲ್ಲೇ ಏನೋ ಕೊರತೆಯಿರಬೇಕು’ ಎಂಬ ಪಿಸುಮಾತು ಎರಡೂ ಮನೆಗಳಲ್ಲಿ ಹುಟ್ಟುತ್ತದೆ. ಆ ಚೀಟಿ ಹೇಳುವುದು ಇಷ್ಟೇ: ಈ ಹೊತ್ತಿಗೆ, ಈ ಅಧಿಕಾರಿಗೆ, ಮನದಟ್ಟಾಗಲಿಲ್ಲ. ಅದು ಹುಡುಗನ ನಡತೆಗೆ ಕೊಟ್ಟ ಸರ್ಟಿಫಿಕೇಟೂ ಅಲ್ಲ, ಸಂಬಂಧದ ಮೇಲಿನ ತೀರ್ಪೂ ಅಲ್ಲ. ಮರುವಾರವೇ ಅದೇ ಕಡತ ಹಿಡಿದು ಓಡುವುದರಿಂದ ಶುಲ್ಕ ನಷ್ಟ. ಏನಾದರೂ ಬದಲಾಗಿದೆಯೇ ಎಂದು ಕೇಳಿಕೊಂಡು, ಬದಲಾದಾಗ ಮತ್ತೆ ಹೋಗುವುದು ಜಾಣತನ. ಅಲ್ಲಿಯವರೆಗೆ ಹುಡುಗಿ ಇಲ್ಲಿಗೆ ಬರಬಹುದು. ಅವಳಿಗೆ ಮಲೆನಾಡಿನ ಮಳೆ ತೋರಿಸಬಹುದು. ಕಾಯುವುದು ಎರಡು ಮನೆಗಳಿಗೂ ಕಷ್ಟವೇ. ಆದರೆ ಕಿಂಡಿಯ ಆಚೆ ಕುಳಿತ ಅಪರಿಚಿತನೊಬ್ಬ ನಾಲ್ಕು ನಿಮಿಷದಲ್ಲಿ ಹೇಳಿದ ‘ಇಲ್ಲ’ವನ್ನು ನಂಬಿ, ವರ್ಷಗಳಿಂದ ಬಲ್ಲ ಮಕ್ಕಳ ಮೇಲಿನ ನಂಬಿಕೆಯನ್ನು ಬಿಟ್ಟುಕೊಡುವಷ್ಟು ಕಷ್ಟವಲ್ಲ.