ಬಣಗಳ ಜಗಳಕ್ಕೆ ಬೆಲೆ ತೆತ್ತ ನಗರ

ಪಕ್ಷದೊಳಗಿನ ಬಣ ರಾಜಕೀಯವನ್ನು ನಾಯಕರ ಅಹಂನ ಕಥೆಯಾಗಿ ನೋಡುವುದು ನಮ್ಮಲ್ಲಿ ರೂಢಿ. ಅಮೆರಿಕದ ಷಿಕಾಗೊ ನಗರದ ಡೆಮಾಕ್ರಟಿಕ್ ಪಕ್ಷದಲ್ಲಿ 1983ರಿಂದ 1986ರವರೆಗೆ ನಡೆದ ಕಾದಾಟವನ್ನು ಪರಿಶೀಲಿಸಿದರೆ, ನೌಕರಿಯ ಹಂಚಿಕೆ ಮತ್ತು ವಾರ್ಡುಗಳ ಗಡಿಯೇ ಅಲ್ಲಿ ಹೆಚ್ಚು ನಿರ್ಣಾಯಕವಾಗಿದ್ದವು.

1955ರಿಂದ 1976ರಲ್ಲಿ ನಿಧನರಾಗುವವರೆಗೂ ಮೇಯರ್ ಆಗಿದ್ದ ರಿಚರ್ಡ್ ಜೆ. ಡೇಲಿ, ಸ್ಥಳೀಯ ಪಕ್ಷದ ಅಧ್ಯಕ್ಷರೂ ಆಗಿದ್ದರು. ಪಾಲಿಕೆಯ ಸಾವಿರಾರು ಹುದ್ದೆಗಳು 50 ವಾರ್ಡುಗಳ ಪಕ್ಷದ ಮುಖಂಡರ ಶಿಫಾರಸಿನಂತೆ ಭರ್ತಿಯಾಗುತ್ತಿದ್ದವು; ಹುದ್ದೆ ಪಡೆದವನು ಚುನಾವಣೆಯ ದಿನ ಮತದಾರರನ್ನು ಮತಗಟ್ಟೆಗೆ ಕರೆತರಬೇಕಿತ್ತು. ಖಜಾನೆಯೂ ಪಕ್ಷವೂ ಒಬ್ಬರ ಕೈಯಲ್ಲಿದ್ದುದರಿಂದ ಬಣಗಳು ಇದ್ದರೂ ಸದ್ದಿರಲಿಲ್ಲ. ಆದರೆ ರಾಜಕೀಯ ಕಾರಣಕ್ಕೆ ನೌಕರರನ್ನು ವಜಾ ಮಾಡುವುದಕ್ಕೆ 1972ರಲ್ಲಿ, ನೇಮಿಸುವುದಕ್ಕೆ 1983ರಲ್ಲಿ ನ್ಯಾಯಾಲಯದ ಕಡಿವಾಣ ಬಿತ್ತು. ಹಂಚುವ ಬುತ್ತಿ ಕರಗತೊಡಗಿತು.

1983ರ ಪ್ರಾಥಮಿಕ ಚುನಾವಣೆಯಲ್ಲಿ ಮೇಯರ್ ಜೇನ್ ಬರ್ನ್ ಮತ್ತು ಡೇಲಿಯವರ ಪುತ್ರನ ನಡುವೆ ಹಳೆಯ ಪಡೆ ಸೀಳಿತು. ಆ ಬಿರುಕಿನಲ್ಲಿ ಗೆದ್ದ ಹ್ಯಾರಲ್ಡ್ ವಾಷಿಂಗ್ಟನ್ ನಗರದ ಮೊದಲ ಕಪ್ಪು ವರ್ಣೀಯ ಮೇಯರ್ ಆದರು. ಪಕ್ಷದ ಅಧ್ಯಕ್ಷಗಿರಿ ಮಾತ್ರ ಎಡ್ವರ್ಡ್ ವರ್ಡೋಲಿಯಾಕ್ ಅವರ ಬಳಿಯೇ ಉಳಿಯಿತು. ಪಾಲಿಕೆಯಲ್ಲಿ ಅವರ ಬೆನ್ನಿಗೆ 29 ಸದಸ್ಯರು, ಮೇಯರ್ ಕಡೆಗೆ 21. ಸ್ಥಾಯಿ ಸಮಿತಿಗಳನ್ನೆಲ್ಲ ಬಹುಮತದ ಬಣ ಕಸಿದುಕೊಂಡಿತು. ಮೇಯರ್ ಮಾಡಿದ ನೇಮಕಗಳು ಅನುಮೋದನೆಯಿಲ್ಲದೆ ಕೊಳೆತವು. ಮೇಯರ್ ನಿರಾಕರಣಾಧಿಕಾರವನ್ನು ತಳ್ಳಿಹಾಕಲು 34 ಮತಗಳು ಬೇಕಿದ್ದುದರಿಂದ ಆ ಬಣಕ್ಕೂ ಆಡಳಿತ ಸಿಗಲಿಲ್ಲ. ಕಡತ ನೋಡಿ ಬದುಕಿದ ನನ್ನಂಥವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಎರಡೂ ಬಣಗಳಿಗೆ ತಡೆಯುವ ಶಕ್ತಿಯಿತ್ತು, ಮಾಡುವ ಶಕ್ತಿ ಯಾರಿಗೂ ಇರಲಿಲ್ಲ.

ವರ್ಣದ್ವೇಷವೇ ಇದಕ್ಕೆಲ್ಲ ಕಾರಣವೆಂದವರು ಸುಳ್ಳು ಹೇಳಲಿಲ್ಲ. 29ರ ಬಣದಲ್ಲಿ ಕಪ್ಪು ವರ್ಣೀಯರು ಒಬ್ಬರೂ ಇರಲಿಲ್ಲ. ಆದರೆ ಆ ದ್ವೇಷಕ್ಕೆ ಸಂಖ್ಯಾಬಲ ಒದಗಿಸಿದ್ದು ವಾರ್ಡುಗಳ ನಕ್ಷೆ. ಅಲ್ಪಸಂಖ್ಯಾತರ ಮತಬಲ ಕುಗ್ಗಿಸುವಂತೆ ಗಡಿ ಎಳೆಯಲಾಗಿದೆ ಎಂಬ ದೂರು ಫೆಡರಲ್ ನ್ಯಾಯಾಲಯಕ್ಕೆ ಹೋಗಿ, ಗಡಿ ತಿದ್ದಲ್ಪಟ್ಟು, 1986ರಲ್ಲಿ 7 ವಾರ್ಡುಗಳಿಗೆ ಮರುಚುನಾವಣೆ ನಡೆಯಿತು. ಬಲಾಬಲ 25–25 ಆಯಿತು. ಮೇಯರ್ ಅವರ ನಿರ್ಣಾಯಕ ಮತದಿಂದ ಬೀಗ ತೆರೆಯಿತು. ಸಂಧಾನ, ಹೈಕಮಾಂಡ್ ಇತ್ಯಾದಿ ಏನೂ ಇಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರಲ್ಲಿ ಮುಗಿದ ಬಳಿಕ ವಾರ್ಡ್ ಮರುವಿಂಗಡಣೆಯ ಹೆಸರಿನಲ್ಲಿ ಚುನಾವಣೆ ವರ್ಷಗಟ್ಟಲೆ ಮುಂದೆ ಹೋದುದನ್ನು ಕಂಡ ನಮಗೆ ನಕ್ಷೆಯ ಮಹಿಮೆ ಹೊಸದಲ್ಲ.

ವರ್ಡೋಲಿಯಾಕ್ 1987ರಲ್ಲಿ ರಿಪಬ್ಲಿಕನ್ ಪಕ್ಷ ಸೇರಿದರು. ಅದೇ ನವೆಂಬರಿನಲ್ಲಿ ವಾಷಿಂಗ್ಟನ್ ತೀರಿಕೊಂಡರು. ಒಂದೇ ವಾರದೊಳಗೆ ಅವರ ಬಣವೇ ಒಡೆದು, ಯೂಜೀನ್ ಸಾಯರ್ ಎಂಬ ಸದಸ್ಯರು ಹಳೆಯ ವಿರೋಧಿಗಳ ಮತ ಪಡೆದು ಮೇಯರ್ ಆದರು. 1989ರಲ್ಲಿ ಆ ಹುದ್ದೆ ಡೇಲಿಯವರ ಪುತ್ರನಿಗೆ ದಕ್ಕಿತು. 2011ರವರೆಗೆ ಅವರು ಅಲ್ಲಿಂದ ಕದಲಲಿಲ್ಲ.